ಮೊಬೈಲ್ ತೋರಿಸುವುದು ಸಾಕು, ಇನ್ನು ಕೇಳಲಿ: ಎಸ್ಸೆಸ್ಸೆಲ್ಸಿ ಓದಿಗೆ ಒಂದು ಕ್ರಮ

ಪಾಠದ ವಿಡಿಯೊವೊಂದನ್ನು ನಲವತ್ತು ನಿಮಿಷ ಕೂತು ನೋಡಿದ ವಿದ್ಯಾರ್ಥಿಗೆ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಮರುದಿನ ಪುಸ್ತಕ ಮುಚ್ಚಿ ಅದೇ ಪಾಠದ ಬಗ್ಗೆ ಒಂದು ಪುಟ ಬರೆ ಎಂದರೆ ಮೂರು ಸಾಲಿಗೆ ಪೆನ್ನು ನಿಲ್ಲುತ್ತದೆ. ಕಂಡಾಗ ಗುರುತು ಹಿಡಿಯುವುದು ಮತ್ತು ಕಾಣದೆಯೇ ನೆನಪಿಗೆ ತಂದುಕೊಳ್ಳುವುದು ಎರಡು ಬೇರೆ ಬೇರೆ ಕೆಲಸಗಳು. ಮದುವೆಮನೆಯಲ್ಲಿ ಎದುರಾದವರ ಮುಖ ಚೆನ್ನಾಗಿ ಗೊತ್ತಿದ್ದೂ ಹೆಸರು ನಾಲಿಗೆಗೆ ಬಾರದೆ ನಾವು ಒದ್ದಾಡುವುದು ಇದೇ ಕಾರಣಕ್ಕೆ. ಪರೀಕ್ಷಾ ಕೊಠಡಿಯಲ್ಲಿ ಬೇಕಾಗುವುದು ಎರಡನೆಯ ಕೆಲಸ. ಮೊಬೈಲ್ ಹಿಡಿದು ಓದುವ ಬಹುತೇಕ ಮಕ್ಕಳು ವರ್ಷವಿಡೀ ರೂಢಿಸಿಕೊಳ್ಳುವುದು ಮೊದಲನೆಯದನ್ನು. ಆದ್ದರಿಂದ ಮೊಬೈಲನ್ನು ಪಾಠ ತೋರಿಸುವ ಪರದೆಯಾಗಿ ಬಳಸುವುದನ್ನು ಕಡಿಮೆ ಮಾಡಿ, ಪ್ರಶ್ನೆ ಕೇಳುವ ಪರೀಕ್ಷಕನನ್ನಾಗಿ ಬಳಸುವ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗಳು ಹೈಸ್ಕೂಲು ಹಂತದವು. ಪಿಯುಸಿಯವರೂ ಇದೇ ಕ್ರಮವನ್ನು ಅನುಸರಿಸಬಹುದು.

ಕೇಳಿಕೊಂಡರೆ ಏಕೆ ಉಳಿಯುತ್ತದೆ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟು, ಆಮೇಲೆ ಕೆಲವನ್ನು ಮತ್ತೊಮ್ಮೆ ಓದಿಸಿದರು. ಇನ್ನು ಕೆಲವನ್ನು ಓದಿಸದೆ, ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ. 81ಕ್ಕೆ ಎದುರಾಗಿ ಶೇ. 75. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುವುಮುರುವಾಯಿತು. ಎರಡು ಸಲ ಓದಿದ್ದರಲ್ಲಿ ಶೇ. 42ರಷ್ಟು ಮಾತ್ರ ಉಳಿದಿದ್ದರೆ, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದಿದ್ದರಲ್ಲಿ ಶೇ. 56ರಷ್ಟು ಉಳಿದಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದಿದ್ದು ಮರುದಿನ ಬೆಳಿಗ್ಗೆ ಅಷ್ಟಿಷ್ಟು ಕೈಹಿಡಿಯುವುದೂ, ಜೂನ್‌ನಲ್ಲಿ ಹಾಗೆ ಓದಿದ್ದು ಮಾರ್ಚ್ ಹೊತ್ತಿಗೆ ಮಾಯವಾಗುವುದೂ ಈ ಅಂಕಿಗಳೊಳಗೇ ಇವೆ.

ಇದಕ್ಕೂ ಬಹಳ ಹಿಂದೆ, 1885ರಲ್ಲಿ, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದಿದ್ದ. ಮರೆವು ಮೊದಲ ದಿನವೇ ಅತಿ ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವನು ಕಂಡ ಮುಖ್ಯ ಸಂಗತಿ. ಅರ್ಥವಿರುವ ಪಾಠ ಅಷ್ಟು ಬೇಗ ಅಳಿಯುವುದಿಲ್ಲ ಎನ್ನುವುದನ್ನು ಸೇರಿಸಿ ಹೇಳಬೇಕು. ಆದರೂ ಮೊದಲ ಮರುಪ್ರಶ್ನೆ ಮರುದಿನವೇ ಬರಬೇಕು, ಮುಂದಿನವು ಕ್ರಮೇಣ ದೂರ ದೂರವಾಗಬಹುದು ಎಂಬ ಲೆಕ್ಕಾಚಾರಕ್ಕೆ ಇದು ಆಧಾರ. ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿನೋಡಿ, ಹೆಚ್ಚಿನ ಪ್ರಯೋಜನವುಳ್ಳವೆಂದು ಎತ್ತಿಹಿಡಿದದ್ದು ಎರಡನ್ನೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳ ಅಂತರದಲ್ಲಿ ಹರಡುವುದು. ಮರುಓದು ಹಾಗೂ ಸಾಲುಗಳ ಕೆಳಗೆ ಗೆರೆ ಎಳೆಯುವುದು ಕಡಿಮೆ ಪ್ರಯೋಜನದ ಸಾಲಿಗೆ ಹೋದವು. ಪುಟದ ತುಂಬ ಹಳದಿ ಹೈಲೈಟರ್ ಬಳಿದ ಪುಸ್ತಕಗಳನ್ನು ಕಂಡಾಗಲೆಲ್ಲ, ಬಣ್ಣ ಹಾಕದೆ ಬಿಟ್ಟ ಸಾಲೇ ಹೆಚ್ಚು ಎದ್ದುಕಾಣುತ್ತದಲ್ಲ ಎಂದು ನನಗೆ ಅನಿಸಿದ್ದುಂಟು.

ಸಾಧನದ ಆಯ್ಕೆ

ಈ ಕೆಲಸಕ್ಕೆ ನಾನು ಸೂಚಿಸುವ ತಂತ್ರಾಂಶ ಅಂಕಿ. ಹೆಸರು ನಮ್ಮ ಸಂಖ್ಯೆಯ ಅಂಕಿಯಲ್ಲ; ಕಂಠಪಾಠ ಮಾಡುವುದು ಎಂಬ ಅರ್ಥದ ಜಪಾನಿ ಪದ. ಕಂಪ್ಯೂಟರಿನಲ್ಲಿ ಅದು ಉಚಿತ, ಆಂಡ್ರಾಯ್ಡ್ ಫೋನಿನಲ್ಲಿ ಅಂಕಿಡ್ರಾಯ್ಡ್ ಎಂಬ ಹೆಸರಿನಲ್ಲಿ ಉಚಿತ, ಐಫೋನಿನಲ್ಲಿ ಮಾತ್ರ ಹಣ ಕೊಟ್ಟು ಕೊಳ್ಳಬೇಕು. ಒಮ್ಮೆ ಇಳಿಸಿಕೊಂಡ ಮೇಲೆ ದಿನದ ಅಭ್ಯಾಸಕ್ಕೆ ಇಂಟರ್ನೆಟ್ ಬೇಕಿಲ್ಲವಾದ್ದರಿಂದ ನೆಟ್‌ವರ್ಕ್ ಸಿಗದ ಊರಿನಲ್ಲೂ ನಡೆಯುತ್ತದೆ. ಅದರಲ್ಲಿ ನಾವು ಬರೆದಿಡುವ ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ಉತ್ತರ ನೋಡಿದ ಮೇಲೆ ಅದು ಎಷ್ಟು ಸುಲಭವಾಗಿ ನೆನಪಾಯಿತೆಂಬುದನ್ನು ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಿ ತಿಳಿಸಿದರೆ, ಅದೇ ಕಾರ್ಡು ಮತ್ತೆ ಯಾವ ದಿನ ಬರಬೇಕೆಂಬುದನ್ನು ತಂತ್ರಾಂಶವೇ ನಿರ್ಧರಿಸುತ್ತದೆ. ಮರೆತ ಕಾರ್ಡಿಗೆ ಹಾರ್ಡ್ ಎಂದು ಒತ್ತಿ ಸಮಾಧಾನಪಟ್ಟುಕೊಳ್ಳುವುದು ಎಲ್ಲ ಹೊಸಬರೂ ಮಾಡುವ ತಪ್ಪು. ಮರೆತಿದ್ದರೆ ಅಗೇನ್ ಒತ್ತಬೇಕು, ಕಷ್ಟಪಟ್ಟಾದರೂ ನೆನಪಾಗಿದ್ದರೆ ಮಾತ್ರ ಹಾರ್ಡ್.

ಮನೆಗೆಲ್ಲ ಒಂದೇ ಫೋನು ಇದ್ದು, ಅದು ರಾತ್ರಿ ಅಪ್ಪ ಕೆಲಸದಿಂದ ಬಂದ ಮೇಲಷ್ಟೇ ಕೈಗೆ ಸಿಗುವುದಾದರೆ ಕಾಗದದ ಕಾರ್ಡುಗಳೇ ಮೇಲು. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆಯ ವಿಧಾನಕ್ಕೆ ಬೇಕಾಗುವುದು ಒಂದು ಚಪ್ಪಲಿ ಡಬ್ಬ, ರಟ್ಟಿನಿಂದ ಮಾಡಿದ ಐದು ಖಾನೆಗಳು, ಡ್ರಾಯಿಂಗ್ ಶೀಟ್ ಕತ್ತರಿಸಿ ಮಾಡಿದ ಚೀಟಿಗಳು, ಅಷ್ಟೇ. ಹೊಸ ಚೀಟಿ ಮೊದಲ ಖಾನೆಗೆ. ಉತ್ತರ ಸರಿಯಾದರೆ ಮುಂದಿನ ಖಾನೆಗೆ ಬಡ್ತಿ, ತಪ್ಪಾದರೆ ಎಲ್ಲಿದ್ದರೂ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ಎಂಟು ದಿನಕ್ಕೊಮ್ಮೆ, ಐದನೆಯದನ್ನು ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ತಂತ್ರಾಂಶ ಮಾಡುವುದು ಮೂಲತಃ ಇದನ್ನೇ, ಹೆಚ್ಚು ಸೂಕ್ಷ್ಮವಾಗಿ.

ಕಾರ್ಡು ಬರೆಯುವ ಬಗೆ

ಇಡೀ ಕ್ರಮ ನಿಂತಿರುವುದು ಇಲ್ಲಿ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡುಗಳನ್ನು ಇಳಿಸಿಕೊಂಡು ಶುರುಮಾಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಪಾಠದಲ್ಲಿ ಯಾವುದು ಮುಖ್ಯ, ಅದನ್ನು ಹೇಗೆ ಕೇಳಬಹುದು ಎಂದು ಯೋಚಿಸಿ ಪ್ರಶ್ನೆ ಹೆಣೆಯುವಾಗಲೇ ಅರ್ಧ ಓದು ಮುಗಿದಿರುತ್ತದೆ; ಆ ಅರ್ಧವನ್ನು ಬೇರೆಯವರ ಕೈಗೆ ಕೊಟ್ಟರೆ ಉಳಿಯುವುದು ಬರಿಯ ಉರು. ಪಾಠವನ್ನು ಮೊದಲು ಪುಸ್ತಕದಲ್ಲಿ ಓದಿ, ಅರ್ಥವಾಗದ್ದನ್ನು ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ ತಿಳಿದುಕೊಂಡ ಮೇಲೆಯೇ ಕಾರ್ಡಿಗೆ ಕೈಹಾಕಬೇಕು. ಅರ್ಥವಾಗದ್ದನ್ನು ಕಾರ್ಡು ಮಾಡಿದರೆ ಅದು ದಿನವೂ ಬಂದು ಕಾಡುತ್ತದೆಯೇ ಹೊರತು ತಲೆಗೆ ಹೋಗುವುದಿಲ್ಲ.

ಒಂದು ಕಾರ್ಡಿಗೆ ಒಂದೇ ಉತ್ತರವಿರಬೇಕು. ಆಂಗ್ಲೋ-ಮೈಸೂರು ಯುದ್ಧಗಳನ್ನು ತೆಗೆದುಕೊಳ್ಳೋಣ. ‘ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳನ್ನು ವಿವರಿಸಿ’ ಎಂಬುದು ಪ್ರಶ್ನೆಪತ್ರಿಕೆಗೆ ಸರಿಯೇ ಹೊರತು ಕಾರ್ಡಿಗಲ್ಲ. ಅರ್ಧ ನೆನಪಾಗಿ ಅರ್ಧ ಮರೆತರೆ ಯಾವ ಗುಂಡಿ ಒತ್ತಬೇಕೆಂದೇ ತಿಳಿಯುವುದಿಲ್ಲ. ಅದನ್ನು ಒಡೆಯಬೇಕು. ಮೊದಲ ಯುದ್ಧವನ್ನು ಕೊನೆಗೊಳಿಸಿದ ಒಪ್ಪಂದ ಯಾವುದು? 1769ರ ಮದ್ರಾಸ್ ಒಪ್ಪಂದ. ಎರಡನೆಯದನ್ನು? 1784ರ ಮಂಗಳೂರು ಒಪ್ಪಂದ. ಮೂರನೆಯದನ್ನು? 1792ರ ಶ್ರೀರಂಗಪಟ್ಟಣ ಒಪ್ಪಂದ. ನಾಲ್ಕನೆಯದು ಒಪ್ಪಂದದಿಂದ ಮುಗಿಯದೆ 1799ರಲ್ಲಿ ಟಿಪ್ಪುವಿನ ಮರಣದೊಂದಿಗೆ ಮುಗಿಯಿತೆಂಬುದಕ್ಕೆ ಬೇರೆ ಕಾರ್ಡು. ಇಷ್ಟಕ್ಕೇ ನಿಂತರೆ ಇಸವಿಗಳ ಪಟ್ಟಿ ಮಾತ್ರ ಆಗುತ್ತದೆ, ಆದ್ದರಿಂದ ಏಕೆ ಎಂದು ಕೇಳುವ ಕಾರ್ಡುಗಳನ್ನೂ ಸೇರಿಸಬೇಕು: ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಗಿ ಬಂದದ್ದೇಕೆ? ಯುದ್ಧ ಪರಿಹಾರದ ಹಣ ಪೂರ್ತಿ ಸಲ್ಲುವವರೆಗೆ ಖಾತರಿ ಬೇಕಿತ್ತು. ಇಂಥ ಎರಡು ಮೂರು ಕಾರ್ಡುಗಳು ಇಸವಿಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ.

ಕನ್ನಡ ವ್ಯಾಕರಣದ ಛಂದಸ್ಸಿಗೆ ಈ ಕ್ರಮ ಹೇಳಿಮಾಡಿಸಿದಂತಿದೆ. ಉತ್ಪಲಮಾಲೆಗೆ ಪಾದಕ್ಕೆ 20 ಅಕ್ಷರ, ಚಂಪಕಮಾಲೆಗೆ 21, ಶಾರ್ದೂಲವಿಕ್ರೀಡಿತಕ್ಕೆ 19, ಮತ್ತೇಭವಿಕ್ರೀಡಿತಕ್ಕೆ ಮತ್ತೆ 20. ಉತ್ಪಲಮಾಲೆಗೂ ಮತ್ತೇಭಕ್ಕೂ ಒಂದೇ ಸಂಖ್ಯೆಯಿರುವುದರಿಂದ ಗೊಂದಲವಾಗುವುದು ಖಂಡಿತ. ಆ ಗೊಂದಲವನ್ನೇ ಪ್ರಶ್ನೆಯಾಗಿಸಬೇಕು. ‘ಎರಡರಲ್ಲೂ 20 ಅಕ್ಷರ, ಮೊದಲ ಗಣ ನೋಡಿ ಬೇರ್ಪಡಿಸುವುದು ಹೇಗೆ?’ ಎಂದು ಕೇಳಿದರೆ, ಉತ್ಪಲಮಾಲೆ ಭ ಗಣದಿಂದ, ಮತ್ತೇಭ ಸ ಗಣದಿಂದ ಆರಂಭವಾಗುತ್ತದೆ ಎಂಬುದು ಉತ್ತರ. ಎಲ್ಲಿ ಪದೇ ಪದೇ ತಪ್ಪುತ್ತೇವೋ ಅಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸುವ ಕಾರ್ಡೊಂದನ್ನು ಬರೆಯುವುದು ಯಾವ ವಿಷಯದಲ್ಲೂ ಫಲ ಕೊಡುತ್ತದೆ. ಲಘು ಗುರು ಹಾಕಿ ಗಣ ವಿಭಾಗಿಸುವುದಂತೂ ಹಾಳೆಯ ಮೇಲೆ ಪದ್ಯ ಬರೆದುಕೊಂಡೇ ಆಗಬೇಕು.

ಕನ್ನಡದಲ್ಲಿ ಟೈಪ್ ಮಾಡುವುದು ನಿಧಾನವೆಂದು ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುಕೊಳ್ಳುತ್ತಾರೆ. ಇದನ್ನು ಮಾಡಬೇಡಿ. ದಿನವೂ ಕಾಣುವ ಕಾರ್ಡಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದವೂ ಒತ್ತಕ್ಷರವೂ ಇಲ್ಲದಿದ್ದರೆ ಉತ್ತರಪತ್ರಿಕೆಯಲ್ಲೂ ಅವು ಇರುವುದಿಲ್ಲ. ಫೋನಿನ ಕೀಲಿಮಣೆಯಲ್ಲಿರುವ ಮೈಕ್ ಗುರುತನ್ನು ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ, ಆದರೆ ಹೇಳಿದ್ದನ್ನು ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಲೇಬೇಕು. ತಪ್ಪು ಕಾಗುಣಿತದ ಕಾರ್ಡು ತಪ್ಪನ್ನೇ ಗಟ್ಟಿಮಾಡುತ್ತದೆ.

ವಿಜ್ಞಾನದ ಚಿತ್ರಗಳಿಗೆ, ಉದಾಹರಣೆಗೆ ಹೃದಯದ ಸೀಳುನೋಟಕ್ಕೆ, ಚಿತ್ರದ ಒಂದೊಂದು ಹೆಸರನ್ನೂ ಮರೆಮಾಡಿ ಕೇಳುವ ಸೌಲಭ್ಯ ಅಂಕಿಯ ಈಚಿನ ಆವೃತ್ತಿಗಳಲ್ಲಿದೆ. ಬಲ ಹೃತ್ಕರ್ಣ, ಎಡ ಹೃತ್ಕುಕ್ಷಿ ಎಂದು ಹೆಸರಿಸುವುದಕ್ಕೆ ಅದು ಸಾಕು. ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸು ಎಂಬ ಪ್ರಶ್ನೆಗೆ ಮಾತ್ರ ಪೆನ್ಸಿಲ್ ಹಿಡಿಯದೆ ಬೇರೆ ದಾರಿಯಿಲ್ಲ. ಗಣಿತಕ್ಕೂ ಹಾಗೆಯೇ: ಸೂತ್ರಗಳು ಕಾರ್ಡಿಗೆ, ಲೆಕ್ಕಗಳು ನೋಟ್‌ಬುಕ್ಕಿಗೆ.

ದಿನಚರಿಯೊಳಗೆ ಕೂರಿಸುವುದು

ದಿನಕ್ಕೆ ಹತ್ತು ಹೊಸ ಕಾರ್ಡು ಸಾಕು. ತಂತ್ರಾಂಶದಲ್ಲಿ ಮೊದಲೇ ಇಪ್ಪತ್ತು ಎಂದು ನಿಗದಿಯಾಗಿರುತ್ತದೆ, ಅದನ್ನು ಇಳಿಸಿಕೊಳ್ಳಿ. ದಿನಕ್ಕೆ ಹತ್ತರಂತೆ ಸೇರಿಸಿದರೂ ಕೆಲವು ವಾರಗಳಲ್ಲಿ ಹಳೆಯ ಕಾರ್ಡುಗಳೇ ದಿನಕ್ಕೆ ಎಪ್ಪತ್ತು ಎಂಬತ್ತರಷ್ಟು ಬರತೊಡಗುತ್ತವೆ. ಇಪ್ಪತ್ತು ನಿಮಿಷದ ಈ ಕೆಲಸವನ್ನು ಬೇರೆ ಓದಿಗೆ ಮುಂಚೆ ಮುಗಿಸಿಬಿಡಬೇಕು, ಮತ್ತು ಆ ಹೊತ್ತಿನಲ್ಲಿ ಫೋನು ಏರೋಪ್ಲೇನ್ ಮೋಡ್‌ನಲ್ಲಿರಬೇಕು. ಉತ್ತರವನ್ನು ಮನಸ್ಸಿನಲ್ಲಿ ‘ಗೊತ್ತು, ಗೊತ್ತು’ ಎಂದುಕೊಂಡು ಕಾರ್ಡು ತಿರುಗಿಸದೆ, ಬಾಯಿಬಿಟ್ಟು ಹೇಳಿಯೋ ರಫ್ ಹಾಳೆಯಲ್ಲಿ ಬರೆದೋ ಆಮೇಲೆ ತಿರುಗಿಸಬೇಕು. ಮನೆಯಲ್ಲಿ ಅಜ್ಜಿಯೋ ತಮ್ಮನೋ ಇದ್ದರೆ ಫೋನು ಅವರ ಕೈಗೆ ಕೊಟ್ಟು ಪ್ರಶ್ನೆ ಕೇಳಿಸಿಕೊಳ್ಳಬಹುದು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸುತ್ತಿದ್ದ ಹಳೆಯ ರೂಢಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ವಿಡಿಯೊ ನೋಡಲೇಬಾರದೆಂದು ನಾನು ಹೇಳುತ್ತಿಲ್ಲ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿಯೇ ತೆರೆದುಕೊಳ್ಳುವುದರಿಂದ, ಅಡ್ಡದಾರಿ ಹಿಡಿಸುವ ಶಿಫಾರಸುಗಳ ಕಾಟ ಅಲ್ಲಿ ಕಡಿಮೆ. ಐದಾರು ನಿಮಿಷಕ್ಕೊಮ್ಮೆ ನಿಲ್ಲಿಸಿ, ಪರದೆಯನ್ನು ಬೋರಲು ಹಾಕಿ, ಕೇಳಿದ್ದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬರೆದು, ಆಮೇಲೆ ಮುಂದುವರಿಸಿದರೆ ನಲವತ್ತು ನಿಮಿಷದ ಪಾಠಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷ ದಂಡವಲ್ಲ. ಎಐ ಚಾಟ್‌ಗಳನ್ನು ಬಳಸುವವರು ‘ಈ ಪಾಠದ ಸಾರಾಂಶ ಕೊಡು’ ಎನ್ನುವ ಬದಲು ಪಾಠದ ಭಾಗವನ್ನು ಅದಕ್ಕೆ ಕೊಟ್ಟು, ‘ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರಿಸುವವರೆಗೆ ಉತ್ತರ ಹೇಳಬೇಡ’ ಎಂದು ಆದೇಶಿಸಬೇಕು. ಅವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ, ಕನ್ನಡದ ಪಾರಿಭಾಷಿಕ ಪದಗಳಲ್ಲಂತೂ ಎಡವುತ್ತವೆ. ಹೀಗಾಗಿ ಕೊನೆಯ ತೀರ್ಪು ಪಠ್ಯಪುಸ್ತಕದ್ದೇ.

ದೀರ್ಘ ಉತ್ತರಗಳ ಅಭ್ಯಾಸಕ್ಕೆ ಕಾರ್ಡು ನೆರವಾಗುವುದಿಲ್ಲ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆಯೆಂದು ಇಟ್ಟುಕೊಳ್ಳಿ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಜಾಲತಾಣದಲ್ಲಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಇಳಿಸಿಕೊಂಡು, ಫೋನಿನಲ್ಲಿ ಗಡಿಯಾರ ಮಾತ್ರ ಓಡಲುಬಿಟ್ಟು, ಪುಸ್ತಕವಿಲ್ಲದೆ ಬರೆಯಬೇಕು. ಬರೆದಾಗ ಎಲ್ಲಿ ಪೆನ್ನು ನಿಂತಿತೋ ಅದೇ ಮುಂದಿನ ವಾರದ ಹೊಸ ಕಾರ್ಡುಗಳ ಮೂಲ.

ಇನ್ನು ಜಾತ್ರೆಗೋ ಮದುವೆಗೋ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದಾಗ ಮುನ್ನೂರು ನಾನ್ನೂರು ಕಾರ್ಡುಗಳು ಬಾಕಿ ಎಂದು ತೋರಿಸಿದರೆ, ಬಹಳಷ್ಟು ಮಕ್ಕಳು ಅಲ್ಲಿಗೇ ಆ್ಯಪನ್ನು ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಕಿಲ್ಲ. ಹೊಸ ಕಾರ್ಡುಗಳ ಮಿತಿಯನ್ನು ಸೊನ್ನೆಗೆ ಇಳಿಸಿ, ದಿನದ ಮರುಪ್ರಶ್ನೆಗಳ ಮಿತಿಯನ್ನು ನೂರಕ್ಕೆ ನಿಲ್ಲಿಸಿ, ಬಾಕಿಯನ್ನು ಒಂದು ವಾರದ ಮೇಲೆ ಹಂಚಿ ತೀರಿಸಿದರೆ ಸಾಕು. ಅವುಗಳಲ್ಲಿ ಎಷ್ಟೋ ಕಾರ್ಡುಗಳ ಉತ್ತರ ಇನ್ನೂ ನೆನಪಿನಲ್ಲೇ ಇರುತ್ತದೆ. ಹತ್ತು ದಿನ ತಡವಾಗಿಯೂ ನೆನಪಾದ ಕಾರ್ಡು ಮುಂದಿನ ಸಲ ಇನ್ನಷ್ಟು ದೂರದ ದಿನಾಂಕಕ್ಕೆ ಹೋಗುತ್ತದೆ.