ಹೊರದೇಶದ ವಲಸೆ ಫೀಗೆ ಡಿಡಿ: ಊರಿಂದ ಕಳಿಸುವವರಿಗೆ

ನಾನು ತೀರ್ಥಹಳ್ಳಿಯಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷ ಆಯಿತು. ಪಹಣಿ, ರೇಷನ್ ಕಾರ್ಡು, ಬೆಳೆಸಾಲದ ಅರ್ಜಿ ದಿನಾ ಬರುತ್ತವೆ. ವರ್ಷಕ್ಕೆ ಏಳೆಂಟು ಮಂದಿ ಮಾತ್ರ ಬೇರೆ ಥರದ ಕಾಗದ ಹಿಡಿದು ಬರುತ್ತಾರೆ. ಮಗನೋ ಮಗಳೋ ಹೊರದೇಶಕ್ಕೆ ಹೊರಟಿರುತ್ತಾರೆ. ಅರ್ಜಿಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಫೀಯನ್ನು ಬ್ಯಾಂಕ್ ಡ್ರಾಫ್ಟಿನಲ್ಲಿ ಕಳಿಸಿ. "ಡಿಡಿ ತಾನೇ, ಇಲ್ಲೇ ತೆಗೆಸ್ತೀನಿ ಬಿಡಿ" ಅಂತ ಎದ್ದು ಹೊರಡುತ್ತಾರೆ. ಅವರನ್ನು ಮತ್ತೆ ಕೂರಿಸಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನೋಡಬೇಕಾದ್ದು, ಡಿಡಿ ನಿಜವಾಗಿಯೂ ಬೇಕಾ ಅಂತ. ಈಗ ಹೆಚ್ಚಿನ ದೇಶಗಳು ಆನ್‌ಲೈನಿನಲ್ಲಿ ಕಾರ್ಡ್ ಮೂಲಕವೇ ಫೀ ತೆಗೆದುಕೊಳ್ಳುತ್ತವೆ. ನಿಯಮವೂ ಬದಲಾಗುತ್ತಾ ಇರುತ್ತದೆ. ಅಮೆರಿಕದ ವಲಸೆ ಇಲಾಖೆ ಕಾಗದದ ಅರ್ಜಿಗೆ ಚೆಕ್, ಮನಿ ಆರ್ಡರ್ ತೆಗೆದುಕೊಳ್ಳುವುದನ್ನು 2025ರ ಅಕ್ಟೋಬರ್ 28ಕ್ಕೆ ನಿಲ್ಲಿಸಿತು. ನೆಂಟರು ಐದು ವರ್ಷದ ಹಿಂದೆ ಮಾಡಿದ್ದು ಇವತ್ತು ನಡೆಯುವುದಿಲ್ಲ. ನೀವು ಅರ್ಜಿ ಹಾಕುವ ದೇಶದ ಇಲಾಖೆಯ ಇವತ್ತಿನ ಸೂಚನೆಯನ್ನೇ ಪ್ರಿಂಟ್ ತೆಗೆದುಕೊಳ್ಳಿ. ಕಾರ್ಡಿನಲ್ಲಿ ಕಟ್ಟಬಹುದು ಅಂತಿದ್ದರೆ ಕಾರ್ಡಿನಲ್ಲೇ ಕಟ್ಟಿ. 2020ರ ನಂತರ ಬಂದ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲೇ ಬಂದ್ ಆಗಿರುತ್ತದೆ. ಅದನ್ನು ಬ್ಯಾಂಕಿನ ಆ್ಯಪಿನಲ್ಲಿ ನಾವೇ ಆನ್ ಮಾಡಬೇಕು. ಕಾರ್ಡ್ ಹೋಗುತ್ತಿಲ್ಲ ಅಂತ ಬಂದವರಲ್ಲಿ ಅರ್ಧ ಜನರ ತೊಂದರೆ ಇಷ್ಟೇ ಆಗಿತ್ತು.

ಸೂಚನೆಯಲ್ಲಿ ಡ್ರಾಫ್ಟೇ ಬೇಕು ಅಂತಿದ್ದರೆ, ಅದು ನಮ್ಮ ಪರೀಕ್ಷೆ ಫೀಗೆ ತೆಗೆಸುವ ಡಿಡಿ ಅಲ್ಲ. ನಮ್ಮದು ರೂಪಾಯಿಯದ್ದು, ನಮ್ಮ ದೇಶದ ಶಾಖೆಯಲ್ಲೇ ನಗದಾಗುತ್ತದೆ. ಅವರಿಗೆ ಬೇಕಾದ್ದು ಅವರ ನಾಣ್ಯದ್ದು, ಅವರ ದೇಶದ ಬ್ಯಾಂಕಿನ ಮೇಲೆ ಬರೆದದ್ದು. ಅದಕ್ಕೆ ಫಾರಿನ್ ಕರೆನ್ಸಿ ಡಿಮಾಂಡ್ ಡ್ರಾಫ್ಟ್ ಅನ್ನುತ್ತಾರೆ. ಕೌಂಟರಿನಲ್ಲಿ ಹೀಗೇ ಪೂರ್ತಿ ಹೆಸರು ಹೇಳಿ ಕೇಳಿ. "ಡಾಲರ್ ಡಿಡಿ" ಅಂದರೆ ಸಾಲದು. ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಹಾಂಗ್‌ಕಾಂಗ್ ಎಲ್ಲದರದ್ದೂ ಡಾಲರೇ ಅಲ್ವಾ? ಸುಮ್ನೆ ಡಾಲರ್ ಅಂದರೆ ನ್ಯೂಯಾರ್ಕಿನ ಬ್ಯಾಂಕಿನ ಮೇಲೆ ಅಮೆರಿಕದ ಡಾಲರಿನಲ್ಲಿ ಬರೆದುಕೊಡುತ್ತಾರೆ. ಬೇರೆ ದೇಶಕ್ಕೆ ಅದು ಪ್ರಯೋಜನಕ್ಕೆ ಬರುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನ ತಮ್ಮ. 2011ರಲ್ಲಿ ಅವನ ವಲಸೆ ಅರ್ಜಿಗೆ ಡ್ರಾಫ್ಟ್ ತೆಗೆಸಿದವಳು ನಾನೇ. ಯಾರ ಹೆಸರಿಗೆ ಬರೆಯಬೇಕು ಅಂತ ಸೂಚನೆಯಲ್ಲಿ ಉದ್ದಕ್ಕೆ ಕೊಟ್ಟಿದ್ದರು. ಶಾಖೆಯಲ್ಲಿ ಆ ಹೆಸರು ಚೌಕದೊಳಗೆ ಹಿಡಿಯಲಿಲ್ಲ ಅಂತ ಕೊನೆಯ ಎರಡು ಪದ ಬಿಟ್ಟು ಟೈಪ್ ಮಾಡಿದ್ದರು. ನಾನು ಮೊತ್ತ ನೋಡಿದೆ, ಸಹಿ ನೋಡಿದೆ, ಕವರಿಗೆ ಹಾಕಿದೆ. ಒಂಬತ್ತು ವಾರದ ಮೇಲೆ ಇಡೀ ಫೈಲು ವಾಪಸ್ ಬಂತು. ಅದಕ್ಕೊಂದು ನಂಬರ್ ಕೂಡ ಕೊಟ್ಟಿರಲಿಲ್ಲ. ಫೀ ಸರಿಯಾಗಿ ಸೇರದಿದ್ದರೆ ಅರ್ಜಿ ಬಂದ ಲೆಕ್ಕಕ್ಕೇ ಇಲ್ಲ. ಅಷ್ಟರಲ್ಲಿ ಅವನ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಗೆ ಎರಡು ವರ್ಷ ತುಂಬಿ ಅದೂ ಹೋಯಿತು. ಜಗಲಿ ಮೇಲೆ ಆ ದಪ್ಪ ಕವರನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಕೂತಿದ್ದ. ಊಟಕ್ಕೆ ಕರೆದರೂ ಬರಲಿಲ್ಲ. ಆ ದಿನ ನನಗೆ ಮರೆಯುವುದಿಲ್ಲ.

ಹಾಗಾಗಿ ಹೆಸರಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಾಂಗ್‌ಕಾಂಗಿನ ವಲಸೆ ಇಲಾಖೆಗೆ ಡ್ರಾಫ್ಟ್ ಬರೆಯುವುದು "ದಿ ಗವರ್ನ್‌ಮೆಂಟ್ ಆಫ್ ದಿ ಹಾಂಗ್ ಕಾಂಗ್ ಸ್ಪೆಷಲ್ ಅಡ್ಮಿನಿಸ್ಟ್ರೇಟಿವ್ ರೀಜನ್" ಅನ್ನುವ ಹೆಸರಿಗೆ. ಇಂಗ್ಲಿಷಿನಲ್ಲಿ ಒಂಬತ್ತು ಪದ. ಅದನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಬಾಯಲ್ಲಿ ಹೇಳಿದರೆ ತಪ್ಪೇ ಆಗುತ್ತದೆ. ನಾನು ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಪೂರ್ತಿ ಪ್ರಿಂಟ್ ಹಾಕಿ ಕೊಡುತ್ತೇನೆ. ಕೆಳಗೆ ನಾಣ್ಯ, ಮೊತ್ತ, ಯಾವ ದೇಶದ ಬ್ಯಾಂಕಿನ ಮೇಲೆ ಅಂತಲೂ ಹಾಕುತ್ತೇನೆ. ಆ ಹಾಳೆಯನ್ನೇ ಕೌಂಟರಿಗೆ ಕೊಡಿ. ಹೆಸರು ಚೌಕದಲ್ಲಿ ಹಿಡಿಯದಿದ್ದರೆ ಎರಡು ಸಾಲಿನಲ್ಲಿ ಹಾಕಿಕೊಡಿ ಅಂತ ಕೇಳಿ. ಚಿಕ್ಕದು ಮಾಡಲು ಮಾತ್ರ ಒಪ್ಪಬೇಡಿ.

ಇನ್ನು ಎಲ್ಲಿ ತೆಗೆಸುವುದು? ಸೊಸೈಟಿಯಲ್ಲಿ ಆಗುವುದಿಲ್ಲ. ಅಡಿಕೆ ದುಡ್ಡೆಲ್ಲ ಅಲ್ಲೇ ಇದ್ದರೂ, ವಿದೇಶಿ ವಿನಿಮಯ ಮಾಡಲು ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ದೊಡ್ಡ ಬ್ಯಾಂಕುಗಳಲ್ಲೂ ಎಲ್ಲ ಶಾಖೆಯವರು ಮಾಡುವುದಿಲ್ಲ. ಹಾಗಾಗಿ ನಮ್ಮ ಕಡೆಯವರು ಶಿವಮೊಗ್ಗಕ್ಕೇ ಹೋಗಬೇಕಾಗುತ್ತದೆ. ಬಸ್ಸಿನಲ್ಲಿ ಮಂಡಗದ್ದೆ ದಾರಿಯಾಗಿ ಅರವತ್ತು ಕಿಲೋಮೀಟರ್. ಹೋಗುವ ಮೊದಲು ನಿಮ್ಮ ಖಾತೆ ಇರುವ ಬ್ಯಾಂಕಿಗೆ ಫೋನ್ ಮಾಡಿ ಎರಡು ಮಾತು ಕೇಳಿ: ನಿಮ್ಮಲ್ಲಿ ಫಾರೆಕ್ಸ್ ಡೆಸ್ಕ್ (ವಿದೇಶಿ ವಿನಿಮಯದ ವಿಭಾಗ) ಇದೆಯಾ, ಈ ನಾಣ್ಯದ ಡ್ರಾಫ್ಟ್ ಕೊಡುತ್ತೀರಾ? ಕೆಲವು ಕಡೆ ಅರ್ಜಿ ಇಲ್ಲಿ ತೆಗೆದುಕೊಂಡು, ಡ್ರಾಫ್ಟನ್ನು ಬೇರೆ ಊರಿನ ಶಾಖೆಯಿಂದ ತರಿಸುತ್ತಾರೆ. ಅದಕ್ಕೆ ಕೆಲವು ದಿನ ಬೇಕು. ಖಾತೆ ಇಲ್ಲದ ಬ್ಯಾಂಕಿಗೆ ಅಲೆಯಬೇಡಿ.

ಪಾಸ್‌ಪೋರ್ಟ್, ಪ್ಯಾನ್, ಆಧಾರ್ ಮೂಲ ಪ್ರತಿ ಮತ್ತು ಜೆರಾಕ್ಸ್, ಪಾಸ್‌ಬುಕ್ಕು, ಅರ್ಜಿಯ ಪ್ರತಿ, ಫೀ ಎಷ್ಟು ಅಂತ ತೋರಿಸುವ ಸೂಚನೆಯ ಪ್ರಿಂಟ್ ಇಷ್ಟು ತೆಗೆದುಕೊಂಡು ಹೋಗಿ. ಅಲ್ಲಿ ಎ2 ಅನ್ನುವ ಫಾರಂ ತುಂಬಿಸುತ್ತಾರೆ, ಜೊತೆಗೆ ಫೆಮಾ ಅನ್ನುವ ವಿದೇಶಿ ವಿನಿಮಯ ಕಾಯ್ದೆಯ ಘೋಷಣೆಗೆ ಸಹಿ ಹಾಕಿಸುತ್ತಾರೆ. ಎಷ್ಟೇ ಚಿಕ್ಕ ಮೊತ್ತ ಇದ್ದರೂ ಪ್ಯಾನ್ ಬೇಕೇ ಬೇಕು. ದುಡ್ಡು ಅಪ್ಪನ ಖಾತೆಯಿಂದ ಹೋಗುವುದಾದರೆ ಅಪ್ಪನ ಪ್ಯಾನ್, ಅಪ್ಪನ ಸಹಿ. ಮಗನ ಪ್ಯಾನ್ ಹಿಡಿದುಕೊಂಡು ಹೋಗಿ ಬರಿಗೈಲಿ ಬಂದವರನ್ನು ನೋಡಿದ್ದೇನೆ. ಅದು ಒಂದು ದಿನದ ಬಸ್ ಖರ್ಚು, ಒಂದು ದಿನದ ತೋಟದ ಕೆಲಸ.

ನಮ್ಮವರಿಗೆ ಇನಿಷಿಯಲ್ ಒಂದು ತಲೆನೋವು. ಪಾಸ್‌ಬುಕ್ಕಿನಲ್ಲಿ ಎಚ್.ಎನ್. ಅಂತಷ್ಟೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದನ್ನೇ ಊರ ಹೆಸರು, ಅಪ್ಪನ ಹೆಸರು ಅಂತ ಬಿಡಿಸಿ ಬರೆದಿರುತ್ತಾರೆ. ದೂರದ ಗುಮಾಸ್ತರಿಗೆ ಇವರಿಬ್ಬರೂ ಒಬ್ಬರೇ ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಅರ್ಜಿಯ ಜೊತೆ ಇಡುವ ಪತ್ರದಲ್ಲಿ ಎರಡೂ ಹೆಸರು, ಸಂಬಂಧ, ಡ್ರಾಫ್ಟಿನ ನಂಬರ್ ಬರೆಯಿರಿ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ಕ್ಕೆ ಶಿಮೊಗ್ಗ ಅನ್ನುವ ಇಂಗ್ಲಿಷ್ ಹೆಸರು ಶಿವಮೊಗ್ಗ ಆಯಿತು. ಹಳೇ ಜನನ ಪತ್ರದಲ್ಲಿ ಒಂದು, ಹೊಸ ಪಾಸ್‌ಪೋರ್ಟಿನಲ್ಲಿ ಒಂದು ಇದ್ದರೆ ಅದನ್ನೂ ಅದೇ ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಿ.

ಖರ್ಚಿನ ಲೆಕ್ಕ ಹೇಳುತ್ತೇನೆ. ಟಿವಿಯಲ್ಲಿ ತೋರಿಸುವ ದರ ನಿಮಗೆ ಸಿಗುವುದಿಲ್ಲ. ಬ್ಯಾಂಕು ತನ್ನ ಮಾರಾಟ ದರ ಹಾಕುತ್ತದೆ, ಅದು ಸ್ವಲ್ಪ ಜಾಸ್ತಿ. ಮೇಲೆ ಡ್ರಾಫ್ಟಿನ ಕಮಿಷನ್. ನಾಣ್ಯ ಬದಲಾವಣೆಗೆ ಜಿಎಸ್‌ಟಿ ಇದೆ: 25 ಸಾವಿರ ರೂಪಾಯಿವರೆಗೆ 45 ರೂಪಾಯಿ, 60 ಸಾವಿರಕ್ಕೆ 108 ರೂಪಾಯಿ. ಟಿಸಿಎಸ್ ಬಗ್ಗೆ, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆಯ ಬಗ್ಗೆ, ತುಂಬಾ ಜನ ಹೆದರುತ್ತಾರೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ದಾಟಿದ ಮೇಲಷ್ಟೇ ಅದು. ಬರೀ ಅರ್ಜಿ ಫೀ ಅಲ್ಲಿಗೆ ಮುಟ್ಟುವುದೇ ಇಲ್ಲ.

ಡ್ರಾಫ್ಟಿನ ಬದಲು ನೇರ ವರ್ಗಾವಣೆ ಮಾಡಿಬಿಡೋಣ ಅಂತ ಕೆಲವರು ಕೇಳುತ್ತಾರೆ. ಸೂಚನೆಯಲ್ಲಿ ಹೇಳದಿದ್ದರೆ ಬೇಡ. ನಡುವಿನ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡರೆ ಅಲ್ಲಿಗೆ ಹತ್ತಿಪ್ಪತ್ತು ಡಾಲರ್ ಕಮ್ಮಿ ಸೇರುತ್ತದೆ. ಒಂದು ಡಾಲರ್ ಕಮ್ಮಿಯಾದರೂ ಫೀ ಕಟ್ಟಿಲ್ಲ ಅಂತಲೇ ಲೆಕ್ಕ. ಡ್ರಾಫ್ಟಿನಲ್ಲಿ ಬರೆದ ಮೊತ್ತ ಬರೆದಷ್ಟೇ ಇರುತ್ತದೆ.

ಡ್ರಾಫ್ಟ್ ಕೈಗೆ ಬಂದ ಮೇಲೆ ಕೌಂಟರ್ ಬಿಟ್ಟು ಕದಲಬೇಡಿ. ನಾನು ಸ್ಕೇಲ್ ಇಟ್ಟು ಓದುತ್ತೇನೆ. ಹೆಸರಿನ ಕೆಳಗೆ ಸ್ಕೇಲ್ ಇಟ್ಟು, ಪ್ರಿಂಟ್ ಹಾಳೆ ಪಕ್ಕದಲ್ಲಿಟ್ಟು, ಒಂದೊಂದೇ ಪದಕ್ಕೆ ಬೆರಳು. ಆಮೇಲೆ ಅಂಕಿಯಲ್ಲಿ ಮೊತ್ತ, ಅಕ್ಷರದಲ್ಲಿ ಮೊತ್ತ, ನಾಣ್ಯ. ಆಮೇಲೆ ಯಾವ ಬ್ಯಾಂಕಿನ ಮೇಲೆ ಬರೆದಿದೆ, ಯಾವ ಊರು. ತಾರೀಕು, ಸಹಿ ಕೊನೆಗೆ. ಹಿಂದೆ ನಿಂತವರು ಅವಸರ ಮಾಡಲಿ, ನೀವು ಓದಿ ಮುಗಿಸಿ. ತಪ್ಪಿದ್ದರೆ ಅಲ್ಲೇ ಬದಲಿಸಿಕೊಡಲು ಕೇಳಬಹುದು. ಮನೆಗೆ ಬಂದ ಮೇಲೆ ರದ್ದು ಮಾಡಿಸಿದರೆ ಬ್ಯಾಂಕು ಅದನ್ನು ಕೊಳ್ಳುವ ದರದಲ್ಲಿ ವಾಪಸ್ ತೆಗೆದುಕೊಳ್ಳುತ್ತದೆ, ಆ ವ್ಯತ್ಯಾಸ ನಿಮ್ಮ ನಷ್ಟ.

ಜೆರಾಕ್ಸ್ ಎರಡೂ ಬದಿ ಮಾಡಿಸಿ. ಡ್ರಾಫ್ಟಿಗೆ ಪಿನ್ ಹೊಡೆಯಬೇಡಿ, ಮಡಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹಿಂಬದಿಯಲ್ಲಿ ಅರ್ಜಿದಾರರ ಹೆಸರು, ಹುಟ್ಟಿದ ದಿನ ಬರೆಯಿರಿ ಅಂತ ಸೂಚನೆ ಇದ್ದರೆ ಮಾತ್ರ ಬರೆಯಿರಿ. ನಮ್ಮ ಮಳೆಗಾಲ ಗೊತ್ತಲ್ಲ. ಜುಲೈನಲ್ಲಿ ಕಪಾಟಿನ ಒಳಗಿಟ್ಟ ಕಾಗದವೂ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು, ಬಂದ ವಾರವೇ ಕಳಿಸಿ. ತಡ ಮಾಡಿದರೆ ಫೀಯೇ ಏರಬಹುದು. ಕೆನಡಾ ತನ್ನ ಕಾಯಂ ವಾಸದ ಫೀಯನ್ನು 2022ರಲ್ಲೂ 2024ರಲ್ಲೂ ಏಪ್ರಿಲ್ 30ಕ್ಕೆ ಏರಿಸಿತು.

ವಿಳಾಸ ನೋಡಿ. ಪೋಸ್ಟ್ ಬಾಕ್ಸ್ ನಂಬರ್ ಇದ್ದರೆ ಖಾಸಗಿ ಕೊರಿಯರ್‌ನವರು ಅಲ್ಲಿಗೆ ಮುಟ್ಟಿಸುವುದಿಲ್ಲ, ಅಂಚೆಯಲ್ಲೇ ಕಳಿಸಬೇಕು. ಕೆಲವು ಇಲಾಖೆಗಳು ಅಂಚೆಗೆ ಒಂದು, ಕೊರಿಯರಿಗೆ ಒಂದು ವಿಳಾಸ ಕೊಟ್ಟಿರುತ್ತವೆ. ಅಂಚೆಯ ವಿದೇಶಿ ಸ್ಪೀಡ್ ಪೋಸ್ಟ್ ರಶೀದಿಯಲ್ಲಿ 13 ಅಕ್ಷರ, ಅಂಕಿಗಳ ನಂಬರ್ ಇರುತ್ತದೆ. ಇ ಅಕ್ಷರದಿಂದ ಶುರುವಾಗಿ ಐಎನ್ ಅಂತ ಮುಗಿಯುತ್ತದೆ. ಅದರ ಫೋಟೋ ತೆಗೆದು ಮಕ್ಕಳಿಗೆ ಕಳಿಸಿ. ರಶೀದಿಯ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.

ತಲುಪಿ ಒಂದು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ, ಡ್ರಾಫ್ಟ್ ನಂಬರ್ ಕೊಟ್ಟು, ನಗದಾಗಿದೆಯಾ ಅಂತ ವಿಚಾರಿಸಲು ಹೇಳಿ. ಕಳೆದುಹೋಗಿದ್ದರೆ ಪತ್ರ ಬರೆದು ಪಾವತಿ ತಡೆಸಿ, ಇಂಡೆಮ್ನಿಟಿ ಬಾಂಡ್ (ಬ್ಯಾಂಕಿಗೆ ನಷ್ಟವಾದರೆ ನಾವೇ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ) ಕೊಟ್ಟು ಬದಲಿ ಪಡೆಯಬೇಕು. ಅದಕ್ಕೆ ವಾರಗಟ್ಟಲೆ ಬೇಕು, ಆದರೆ ದುಡ್ಡು ಹೋಗುವುದಿಲ್ಲ. ನಗದಾಗಿದೆ ಅಂತ ಗೊತ್ತಾದರೆ ಅರ್ಜಿ ಯಾರದೋ ಮೇಜಿನ ಮೇಲೆ ಹೋಗಿ ಕೂತಿದೆ ಅಂತ ಅರ್ಥ. ತಮ್ಮನ ಎರಡನೇ ಫೈಲಿಗೆ ನಾನು ಹಾಗೇ ವಿಚಾರಿಸಿದ್ದೆ. ಬ್ಯಾಂಕಿನಿಂದ ಹೊರಗೆ ಬಂದು ಬಿ.ಎಚ್. ರಸ್ತೆಯಲ್ಲಿ ನಿಂತುಕೊಂಡೇ ಅವನಿಗೆ ಫೋನ್ ಮಾಡಿದೆ.