ಅಮೆರಿಕದ ಶಾಲೆಗೆ ಊರಿನ ಲಸಿಕೆ ಕಾರ್ಡ್: ವಿನಾಯಿತಿ ಕೇಳುವ ಮೊದಲು ಮಾಡಬೇಕಾದ ಕೆಲಸ

ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್ ಹತ್ತಿರ ಬಂತೆಂದರೆ, ಊರಿಂದ ಹೊಸದಾಗಿ ಬಂದ ಕನ್ನಡದ ಮನೆಗಳಲ್ಲಿ ಒಂದೇ ಗಾಬರಿ. ಮಗುವಿನ ಲಸಿಕೆ ದಾಖಲೆ ಸರಿಯಿಲ್ಲ ಎಂದು ಶಾಲೆಯ ಆಫೀಸಿನವರು ವಾಪಸ್ ಕಳಿಸಿರುತ್ತಾರೆ. ತರಗತಿ ಶುರುವಾಗಲು ಒಂದು ವಾರವೂ ಇರುವುದಿಲ್ಲ. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿರುತ್ತಾರೆ, 'ಸುಮ್ನೆ ಎಕ್ಸೆಂಪ್ಷನ್ ತಗೊಂಡುಬಿಡಿ' ಅಂತ.

ಹೀಗೆ ಕಳವಳಗೊಂಡವರ ಜೊತೆ ಕೂತು ಕಾರ್ಡ್ ಬಿಡಿಸಿ ನೋಡಿದರೆ, ಹೆಚ್ಚಿನ ಸಲ ಮಗುವಿಗೆ ಮುಕ್ಕಾಲು ಪಾಲು ಲಸಿಕೆ ಆಗಿರುತ್ತದೆ. ಅದನ್ನು ಇಲ್ಲಿನವರಿಗೆ ಅರ್ಥವಾಗುವಂತೆ ಬರೆದುಕೊಟ್ಟಿರುವುದಿಲ್ಲ, ಅಷ್ಟೆ. ವಿನಾಯಿತಿ ಇರುವುದು ಲಸಿಕೆ ತೆಗೆದುಕೊಳ್ಳಲು ಆಗದ ಮಕ್ಕಳಿಗೆ. ಕಾಗದ ಸರಿಯಿಲ್ಲದವರು ಅದನ್ನು ಕೇಳಬಾರದು. ಅದಕ್ಕೇ ಮೊದಲು ಕಾನೂನು ತಿಳಿದುಕೊಳ್ಳಿ, ಆಮೇಲೆ ಕಾರ್ಡ್ ನೋಡಿ, ಆಮೇಲೆ ಬಾಕಿ ಡೋಸ್ ಮುಗಿಸಿ. ವಿನಾಯಿತಿಯ ಮಾತು ಕೊನೆಗೆ.

ಮೊದಲ ಹೆಜ್ಜೆ: ನಿಮ್ಮ ರಾಜ್ಯದ ನಿಯಮ

ಅಮೆರಿಕದಲ್ಲಿ ಶಾಲೆಯ ಲಸಿಕೆ ನಿಯಮ ಮಾಡುವುದು ಆಯಾ ರಾಜ್ಯ. ಆ ಅಧಿಕಾರವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1905ರಲ್ಲೇ ಒಪ್ಪಿದೆ, ಶಾಲಾ ಮಕ್ಕಳ ವಿಷಯದಲ್ಲಿ 1922ರಲ್ಲಿ ಮತ್ತೆ ಎತ್ತಿಹಿಡಿದಿದೆ. ಹಾಗಾಗಿ ಟೆಕ್ಸಸ್‌ನಲ್ಲಿರುವ ನಿಮ್ಮ ಅಣ್ಣನ ಅನುಭವ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ವೈದ್ಯಕೀಯ ಕಾರಣ ಬಿಟ್ಟು ಬೇರೆ ವಿನಾಯಿತಿ ಇಲ್ಲ. ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದ ಮೇಲೆ 2015ರಲ್ಲಿ ಕಾನೂನು ಬದಲಾಯಿತು, 2016ರ ಜುಲೈನಿಂದ ಜಾರಿಗೆ ಬಂತು. ನಂಬಿಕೆ, ಧರ್ಮ, 'ನಮಗೆ ಇಷ್ಟವಿಲ್ಲ' ಯಾವುದೂ ನಡೆಯುವುದಿಲ್ಲ. ನ್ಯೂಯಾರ್ಕ್ 2019ರಲ್ಲಿ ಧಾರ್ಮಿಕ ವಿನಾಯಿತಿ ತೆಗೆದುಹಾಕಿತು. ನ್ಯೂಜೆರ್ಸಿಯಲ್ಲಿ ಅದು ಇನ್ನೂ ಇದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ವೈಯಕ್ತಿಕ ಕಾರಣದ ವಿನಾಯಿತಿ ಇದ್ದರೂ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ) ಲಸಿಕೆಗೆ 2019ರಿಂದ ಅದು ಸಲ್ಲುವುದಿಲ್ಲ. ಟೆಕ್ಸಸ್‌ನಲ್ಲಿ 'ಆತ್ಮಸಾಕ್ಷಿಯ ಕಾರಣ' ಎಂದು ಪ್ರಮಾಣ ಮಾಡಿದ ಅಫಿಡವಿಟ್ ಕೊಟ್ಟರೆ ಸಾಕು.

ಸಿಗುತ್ತದೆ ಅಂತ ತೆಗೆದುಕೊಳ್ಳಬೇಡಿ. 2025ರ ಜನವರಿಯಲ್ಲಿ ಪಶ್ಚಿಮ ಟೆಕ್ಸಸ್‌ನಲ್ಲಿ ಶುರುವಾದ ದಡಾರ 762 ಜನರಿಗೆ ತಗುಲಿ, ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ದಡಾರ ಹರಡದಿರಬೇಕಾದರೆ 95% ಮಕ್ಕಳಿಗಾದರೂ ಲಸಿಕೆ ಆಗಿರಬೇಕು. 2024–25ರಲ್ಲಿ ಅಮೆರಿಕದ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಅದು 92.5%ಕ್ಕೆ ಇಳಿದಿತ್ತು, ಏನಾದರೊಂದು ವಿನಾಯಿತಿ ಪಡೆದವರು 3.6%ಕ್ಕೆ ಏರಿದ್ದರು.

ಎರಡನೆಯದು: ಕಾಗದ ಒಟ್ಟುಮಾಡಿ

ತಾಯಿ ಕಾರ್ಡ್, ಮಕ್ಕಳ ಡಾಕ್ಟರ ಫೈಲು, ಭಾರತ ಸರ್ಕಾರದ ಲಸಿಕೆ ಜಾಲತಾಣವಾದ ಯು-ವಿನ್‌ನಲ್ಲಿ ಇದ್ದರೆ ಅದರ ಪ್ರಮಾಣಪತ್ರ. ಮೂರನ್ನೂ ಒಂದೇ ಕಡೆ ಇಡಿ. ಕಾರ್ಡ್ ಊರಲ್ಲೇ ಉಳಿದಿದ್ದರೆ ಎಲ್ಲ ಪುಟಗಳ ಫೋಟೊ ತರಿಸಿಕೊಳ್ಳಿ, ಹಿಂದಿನ ಪುಟವನ್ನೂ ಸೇರಿಸಿ.

ಮೂರನೆಯದು: ಕಾರ್ಡನ್ನು ಇಲ್ಲಿನ ಲೆಕ್ಕಕ್ಕೆ ತರುವುದು

ಎಲ್ಲರೂ ಎಡವುವುದು ಇಲ್ಲೇ. ಒಂದು ಸಂಜೆ ಪೂರ್ತಿ ಇದಕ್ಕೇ ಕೊಡಿ.

ದಿನಾಂಕದಿಂದ ಶುರು ಮಾಡಿ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು. 2021ರ ಮೇ 2ರಂದು ಹುಟ್ಟಿದ ಮಗುವಿಗೆ 15 ತಿಂಗಳಾದಾಗ ಎಂಎಂಆರ್ ಹಾಕಿಸಿದ್ದೀರಿ ಅಂದುಕೊಳ್ಳಿ. ಕಾರ್ಡಿನಲ್ಲಿ 03/08/2022 ಎಂದಿದೆ, ಅಂದರೆ ಆಗಸ್ಟ್ 3. ಇಲ್ಲಿನ ಆಫೀಸಿನವರು ಅದನ್ನು ಮಾರ್ಚ್ 8 ಎಂದು ಓದುತ್ತಾರೆ. ಆಗ ಮಗುವಿಗೆ ಹತ್ತೇ ತಿಂಗಳು. ಒಂದು ವರ್ಷ ತುಂಬುವ ಮೊದಲು ಹಾಕಿದ ಎಂಎಂಆರ್ ಶಾಲೆಯ ಲೆಕ್ಕಕ್ಕಿಲ್ಲ, ಹಾಗಾಗಿ ಸರಿಯಾಗಿ ಹಾಕಿಸಿದ ಡೋಸ್ ಕೂಡ ತಿರಸ್ಕಾರವಾಗುತ್ತದೆ. ಆದ್ದರಿಂದ ಎಲ್ಲ ದಿನಾಂಕಗಳನ್ನೂ ತಿಂಗಳ ಹೆಸರು ಬರೆದು ಬೇರೆ ಹಾಳೆಗೆ ಇಳಿಸಿ. ಮೂಲ ಕಾರ್ಡಿನ ಮೇಲೆ ಏನನ್ನೂ ತಿದ್ದಬೇಡಿ.

ಇನ್ನು ದಡಾರದ ಲಸಿಕೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಹಾಕುತ್ತಾರೆ. ಅದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಅದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಕ್ಯಾಲಿಫೋರ್ನಿಯಾ ಮಂಗನಬಾವಿಗೂ ಡೋಸ್ ಕೇಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಹಾಕಿಸಿದ ಮಗುವಿಗೂ ಇಲ್ಲಿ ಎಂಎಂಆರ್ ಬಾಕಿ ಎಂದು ಬರುವುದು ಇದಕ್ಕೇ. ಖಾಸಗಿ ಆಸ್ಪತ್ರೆಯಲ್ಲಿ 9 ತಿಂಗಳಿಗೆ ಹಾಕಿಸಿದ ಎಂಎಂಆರ್ ಮಗುವನ್ನು ಆ ಹೊತ್ತಿಗೆ ಕಾಪಾಡಿದೆ, ವ್ಯರ್ಥವಾಗಿಲ್ಲ. ಇಲ್ಲಿನ ಎಣಿಕೆಗೆ ಮಾತ್ರ ಬರುವುದಿಲ್ಲ. ವರ್ಷ ತುಂಬಿದ ಮೇಲೆ ಎರಡು ಡೋಸ್ ಇರಬೇಕು.

ಪೋಲಿಯೊ ವಿಷಯದಲ್ಲಿ ಬೇಸರ ಜಾಸ್ತಿ. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ತಪ್ಪದೆ ಹನಿ ಹಾಕಿಸಿರುತ್ತೇವೆ. ಆದರೆ 2016ರ ಏಪ್ರಿಲ್ 1ರಿಂದೀಚೆಗೆ ಬಾಯಿಗೆ ಹಾಕಿದ ಹನಿಯನ್ನು ಅಮೆರಿಕದವರು ಎಣಿಸುವುದಿಲ್ಲ. ಆ ತಿಂಗಳಲ್ಲೇ ಭಾರತ ಸೇರಿ ಹನಿ ಬಳಸುವ ದೇಶಗಳೆಲ್ಲ ಮೂರು ಬಗೆಯ ವೈರಸ್‌ಗೆ ಕೆಲಸ ಮಾಡುವ ಹನಿ ಬಿಟ್ಟು ಎರಡು ಬಗೆಯದಕ್ಕೆ ಬದಲಾದವು. ಇಲ್ಲಿನವರಿಗೆ ಮೂರೂ ಬಗೆಯ ರಕ್ಷಣೆ ಬೇಕು. ಹಾಗಾಗಿ ಚುಚ್ಚಿಸಿದ ಪೋಲಿಯೊ ಲಸಿಕೆಯ ದಿನಾಂಕಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಹನಿಯ ಸಾಲು ಬೇರೆ ಇರಲಿ.

ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಇಲ್ಲಿ ಎರಡು ಡೋಸ್ ಬೇಕು. ಮಗುವಿಗೆ ಅಮ್ಮ ಆಗಿತ್ತು ಎಂದು ಬಾಯಲ್ಲಿ ಹೇಳಿದರೆ ಸಾಲದು, ವೈದ್ಯರು ಬರೆದುಕೊಟ್ಟರೆ ಕ್ಯಾಲಿಫೋರ್ನಿಯಾದಲ್ಲಿ ಒಪ್ಪುತ್ತಾರೆ.

ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಚಿಂತೆಯಿಲ್ಲ, ಅದೂ ಸೇರಿ ಐದು ಲಸಿಕೆ ಒಂದರಲ್ಲೇ ಇರುವ ನಮ್ಮ ಪೆಂಟಾವಲೆಂಟ್ ಲೆಕ್ಕಕ್ಕೆ ಬರುತ್ತದೆ. ಆದರೆ ನಾಲ್ಕು ವರ್ಷ ತುಂಬಿದ ಮೇಲೆ ಒಂದು ಡೋಸ್ ಇರಲೇಬೇಕು. ನಮ್ಮಲ್ಲಿ ಅದು ಐದು ವರ್ಷದ ಬೂಸ್ಟರ್. ಅದಕ್ಕೆ ಮೊದಲೇ ವಿಮಾನ ಹತ್ತಿದ ಮಕ್ಕಳಿಗೆ ಅದೊಂದು ಉಳಿದಿರುತ್ತದೆ. ಹೆಪಟೈಟಿಸ್ ಬಿ ನಮ್ಮ ಸರ್ಕಾರಿ ಪಟ್ಟಿಯಲ್ಲಿ 14 ವಾರಕ್ಕೇ ಮುಗಿಯುತ್ತದೆ. ಕೊನೆಯ ಡೋಸ್ 24 ವಾರ ಆದ ಮೇಲೆ ಇರಬೇಕು ಎನ್ನುವುದು ಇಲ್ಲಿನ ಲೆಕ್ಕ, ಹಾಗಾಗಿ ಇಲ್ಲಿನ ಡಾಕ್ಟರು ಇನ್ನೊಂದು ಹಾಕಿಸಿ ಅಂದರೆ ಗಾಬರಿಯಾಗಬೇಡಿ. ಜಾಸ್ತಿ ಡೋಸ್ ಬಿತ್ತು ಅಂತ ಮಗುವಿಗೆ ತೊಂದರೆಯಿಲ್ಲ.

ಖಾಸಗಿ ಫೈಲಿನಲ್ಲಿ ಬರೀ ಕಂಪನಿ ಹೆಸರು ಇರುತ್ತದೆ. ಟ್ರೆಸಿವ್ಯಾಕ್ ಅಂದರೆ ಎಂಎಂಆರ್, ಹೆಕ್ಸಾಕ್ಸಿಮ್ ಅಂದರೆ ಆರು ಲಸಿಕೆ ಸೇರಿದ್ದು ಎಂದು ಇಲ್ಲಿನ ನರ್ಸ್‌ಗೆ ಗೊತ್ತಿರಬೇಕೆಂದಿಲ್ಲ. ಪ್ರತಿ ಹೆಸರಿನ ಎದುರು ಅದರಲ್ಲಿ ಯಾವ ಯಾವ ರೋಗದ ಲಸಿಕೆ ಇದೆ ಎಂದು ಬರೆಯಿರಿ.

ಕ್ಷಯದ ಲಸಿಕೆ ಬಿಸಿಜಿ ಯಾವ ಶಾಲೆಗೂ ಬೇಡ. ಆದರೂ ಅದನ್ನು ಹೇಳಲು ಮರೆಯಬೇಡಿ. ಕ್ಷಯ ಇದೆಯೇ ಎಂದು ನೋಡಲು ಕೈ ಮೇಲೆ ಚುಚ್ಚುವ ಪರೀಕ್ಷೆ ಬಿಸಿಜಿ ಆದ ಮಕ್ಕಳಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು. ಎರಡು ವರ್ಷ ದಾಟಿದ ಮಗುವಾದರೆ ರಕ್ತ ಪರೀಕ್ಷೆಯನ್ನೇ ಕೇಳಿ.

ಊರಿನ ಡಾಕ್ಟರಿಗೆ ಹೇಳಿ ಹಿಂದಿನ ದಿನಾಂಕ ಹಾಕಿಸಿ ಹೊಸ ಕಾರ್ಡ್ ಮಾಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಆಗದ ಲಸಿಕೆಯನ್ನು ಆಗಿದೆ ಎಂದು ಬರೆದರೆ, ನಾಳೆ ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದಾಗ ಡಾಕ್ಟರು ದಡಾರ ಇರಲಾರದು ಎಂದುಕೊಳ್ಳುತ್ತಾರೆ.

ನಾಲ್ಕನೆಯದು: ಬಾಕಿ ಡೋಸ್

ಆ ಹಾಳೆ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಎಷ್ಟೇ ವರ್ಷ ಅಂತರ ಬಿದ್ದಿದ್ದರೂ ಮೊದಲಿಂದ ಶುರು ಮಾಡಬೇಕಾಗಿಲ್ಲ. ನಿಲ್ಲಿಸಿದಲ್ಲಿಂದ ಮುಂದುವರಿಸಿದರೆ ಸಾಕು. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಎರಡನ್ನೂ ಒಂದೇ ದಿನ ಹಾಕಿಸಿ. ಇಲ್ಲದಿದ್ದರೆ ನಡುವೆ 28 ದಿನ ಬಿಡಲೇಬೇಕು, ಅದಕ್ಕಿಂತ ಮೊದಲು ಹಾಕಿಸಿದರೆ ಎರಡನೆಯದು ಲೆಕ್ಕಕ್ಕೆ ಬರುವುದಿಲ್ಲ. ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಸರ್ಕಾರದ ಉಚಿತ ಲಸಿಕೆ ಯೋಜನೆ ಇದೆ, ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಿ.

ಎಲ್ಲ ಡೋಸ್ ಮುಗಿಯುವವರೆಗೆ ಮಗು ಮನೆಯಲ್ಲೇ ಕೂರಬೇಕಿಲ್ಲ. ಈಗ ಹಾಕಿಸಬೇಕಾದ್ದನ್ನೆಲ್ಲ ಹಾಕಿಸಿ, ಮುಂದಿನ ಡೋಸ್‌ಗೆ ಇನ್ನೂ ಹೊತ್ತಾಗಿಲ್ಲದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆ. ವಿನಾಯಿತಿ ಹುಡುಕಿಕೊಂಡು ಹೊರಟ ಎಷ್ಟೋ ಮನೆಗಳಿಗೆ ಬೇಕಾಗಿದ್ದದ್ದು ಇದೇ. ಇನ್ನೂ ಬೆಂಗಳೂರಲ್ಲೇ ಇದ್ದೀರಾ? ಹಾಗಾದರೆ ಎಂಎಂಆರ್, ಚಿಕನ್‌ಪಾಕ್ಸ್ ಎರಡನ್ನೂ ಅಲ್ಲೇ ಮುಗಿಸಿ, ಬಾಟಲಿಯ ಸ್ಟಿಕರ್ ಕಾರ್ಡಿಗೆ ಅಂಟಿಸಿಕೊಂಡು ಹೊರಡಿ. ನನ್ನ ಮಟ್ಟಿಗೆ ಅದೇ ಅತ್ಯುತ್ತಮ ದಾರಿ.

ಸಸ್ಯಾಹಾರಿ ಮನೆಗಳವರು ಲಸಿಕೆಯಲ್ಲಿರುವ, ಪ್ರಾಣಿಯಿಂದ ತೆಗೆದ ಜೆಲಾಟಿನ್ ಬಗ್ಗೆ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ, ಸಂಕೋಚ ಬೇಡ. ಅಮೆರಿಕದಲ್ಲಿ ಎಂಎಂಆರ್ ಎರಡು ಕಂಪನಿಗಳದ್ದು ಸಿಗುತ್ತದೆ. 2022ರಲ್ಲಿ ಒಪ್ಪಿಗೆ ಪಡೆದ ಪ್ರಯೋರಿಕ್ಸ್‌ನಲ್ಲಿ ಜೆಲಾಟಿನ್ ಇಲ್ಲ. ಅದೇ ಬೇಕೆಂದು ಮುಂಚೆಯೇ ಫೋನ್ ಮಾಡಿ ಹೇಳಿ. ಚಿಕನ್‌ಪಾಕ್ಸ್‌ನದರಲ್ಲಿ ಮಾತ್ರ ಜೆಲಾಟಿನ್ ಇದೆ. ಅದಿದ್ದರೂ ಹಾಕಿಸಿ ಎಂದೇ ನಾನು ಹೇಳುತ್ತೇನೆ.

ಐದನೆಯದು: ನಿಜವಾಗಿಯೂ ಆಗದ ಮಗುವಿಗೆ

ಹಿಂದಿನ ಡೋಸ್‌ಗೋ, ಲಸಿಕೆಯಲ್ಲಿರುವ ನಿಯೋಮೈಸಿನ್, ಜೆಲಾಟಿನ್‌ನಂಥ ವಸ್ತುವಿಗೋ ಪ್ರಾಣಕ್ಕೆ ಸಂಚಕಾರ ಬರುವಂಥ ಅಲರ್ಜಿ ಆಗಿರುವುದು, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವುದು, ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವುದು ಸರಿಯಾದ ಕಾರಣಗಳು. ನೆಗಡಿ, ಅವಧಿಗೆ ಮೊದಲು ಹುಟ್ಟಿದ್ದು, ಮೊಟ್ಟೆಯ ಅಲರ್ಜಿ, ಅಜ್ಜಿಗೆ ಅಲರ್ಜಿ ಇತ್ತು ಎನ್ನುವುದು ಎಂಎಂಆರ್ ತಪ್ಪಿಸಲು ಕಾರಣಗಳಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2021ರ ಜನವರಿಯಿಂದ ಹೊಸ ವಿನಾಯಿತಿಗಳೆಲ್ಲ ರಾಜ್ಯ ಆರೋಗ್ಯ ಇಲಾಖೆಯ ಕೇರ್-ಎಂಇ ಜಾಲತಾಣದ ಮೂಲಕವೇ ಆಗಬೇಕು. ತಂದೆ ಅಥವಾ ತಾಯಿ ಅಲ್ಲಿ ಖಾತೆ ತೆರೆದು ಅರ್ಜಿ ಹಾಕಿದರೆ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ಡಾಕ್ಟರಿಗೆ ಕೊಡಿ. ಅವರು ಪರೀಕ್ಷಿಸಿ ಅಲ್ಲೇ ವಿವರ ತುಂಬಿ ಪ್ರತಿ ಕೊಡುತ್ತಾರೆ, ಅದನ್ನು ಶಾಲೆಗೆ ಕೊಡಬೇಕು. ಡಾಕ್ಟರಿಗೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇರಬೇಕು. ಮೈಸೂರಿನ ಡಾಕ್ಟರ ಪತ್ರ ಎಷ್ಟೇ ಸರಿಯಿದ್ದರೂ ಇಲ್ಲಿ ನಡೆಯುವುದಿಲ್ಲ, ಆದರೆ ಅಲರ್ಜಿ ಆದಾಗಿನ ಆಸ್ಪತ್ರೆ ಕಾಗದಗಳು ತುಂಬ ಬೇಕಾಗುತ್ತವೆ, ತನ್ನಿ. ಯಾವ ಲಸಿಕೆ ಆಗದೋ ಅದಕ್ಕೆ ಮಾತ್ರ ವಿನಾಯಿತಿ ಕೇಳಿ. ಉಳಿದವನ್ನು ಹಾಕಿಸಿ.

ಒಬ್ಬ ಡಾಕ್ಟರು ವರ್ಷಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ವಿನಾಯಿತಿ ಬರೆದರೆ, ಅಥವಾ ಶಾಲೆಯಲ್ಲಿ ಲಸಿಕೆ ಆದವರು 95%ಕ್ಕಿಂತ ಕಡಿಮೆಯಾದರೆ, ಇಲಾಖೆ ಆ ಪತ್ರಗಳನ್ನು ಮರುಪರಿಶೀಲಿಸುತ್ತದೆ, ರದ್ದೂ ಮಾಡಬಹುದು. ಹಾಗಾಗಿ ವಿಡಿಯೊ ಕಾಲ್‌ನಲ್ಲಿ ದುಡ್ಡಿಗೆ ವಿನಾಯಿತಿ ಕೊಡುವವರ ಸಹವಾಸವೇ ಬೇಡ. ಲಸಿಕೆಯ ಬದಲು ಹೋಮಿಯೋಪಥಿ ಗುಳಿಗೆ ಕೊಡುವವರ ಹತ್ತಿರವೂ ಹೋಗಬೇಡಿ. ನ್ಯೂಯಾರ್ಕ್‌ನಲ್ಲಿ ಒಬ್ಬ ಸೂಲಗಿತ್ತಿ ಸುಮಾರು 1,500 ಮಕ್ಕಳಿಗೆ ಇಂಥ ಗುಳಿಗೆ ಕೊಟ್ಟು ಲಸಿಕೆ ಆಗಿದೆ ಎಂದು ದಾಖಲಿಸಿದ್ದರು. 2024ರ ಜನವರಿಯಲ್ಲಿ ರಾಜ್ಯ ಅವರಿಗೆ 3 ಲಕ್ಷ ಡಾಲರ್ ದಂಡ ವಿಧಿಸಿ, ಆ ದಾಖಲೆಗಳನ್ನೆಲ್ಲ ರದ್ದು ಮಾಡಿತು. ಲಸಿಕೆ ಆಗುವವರೆಗೆ ಆ ಮಕ್ಕಳು ಶಾಲೆಗೆ ಹೋಗುವಂತಿರಲಿಲ್ಲ.

ಆಮೇಲೆ

ವಿನಾಯಿತಿ ಸಿಕ್ಕಿದ ಮಗು ಶಾಲೆಯಲ್ಲಿ ದಡಾರದ ರೋಗಿಯ ಸಂಪರ್ಕಕ್ಕೆ ಬಂದರೆ 21 ದಿನ ಮನೆಯಲ್ಲಿರಬೇಕಾಗುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಆಗ ನೋಡಿಕೊಳ್ಳುವವರು ಯಾರೆಂದು ಈಗಲೇ ಯೋಚಿಸಿ. ಆ ಮಗುವಿನ ಅಪ್ಪ, ಅಮ್ಮ, ಅಕ್ಕ, ತಮ್ಮ, ಊರಿಂದ ಬರುವ ಅಜ್ಜಿ ತಾತ ಎಲ್ಲರೂ ತಮ್ಮ ಲಸಿಕೆ ಸರಿ ಮಾಡಿಕೊಳ್ಳಿ. ಲಸಿಕೆ ಪಡೆಯಲಾಗದ ಮಗುವಿಗೆ ಸುತ್ತಲಿನವರೇ ರಕ್ಷಣೆ.

ತಾತ್ಕಾಲಿಕ ವಿನಾಯಿತಿ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಏಳನೇ ತರಗತಿಗೆ ಹೋಗುವಾಗ ಹೊಸದು ಬೇಕು. ಡೇ ಕೇರ್‌ಗೂ ಇದೇ ಕಾನೂನು. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಗೆ ಶಾಲೆಯ ವಿನಾಯಿತಿ ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿನ ಪಟ್ಟಿಯೂ ನಿಯಮವೂ ಬೇರೆ. ಅದಕ್ಕಾಗಿ ಇಲ್ಲಿನ ಕ್ಲಿನಿಕ್‌ಗೆ ಹೋದ ಮೊದಲ ದಿನವೇ ಊರಿನಲ್ಲಿ ಹಾಕಿಸಿದ ಡೋಸ್‌ಗಳನ್ನೆಲ್ಲ ರಾಜ್ಯದ ಲಸಿಕೆ ದಾಖಲೆಯಲ್ಲಿ ಸೇರಿಸಲು ಹೇಳಿ, ಸೇರಿಸಿದ್ದರ ಪ್ರತಿ ಕೈಗೆ ಬರುವವರೆಗೆ ಎದ್ದು ಬರಬೇಡಿ.