ಬಿಡದ ಬೇಸರ: ನಾನು ದಿನ ನಡೆಸುವ ರೀತಿ

ಎರಡು ವರ್ಷಕ್ಕೂ ಮೀರಿ, ಬಹುಪಾಲು ದಿನ ಮನಸ್ಸು ಕುಂದಿಯೇ ಇದ್ದರೆ ವೈದ್ಯರು ಅದನ್ನು ಡಿಸ್ಥೀಮಿಯಾ, ಅಂದರೆ ಬಹುಕಾಲ ಉಳಿಯುವ ಖಿನ್ನತೆ, ಅನ್ನುತ್ತಾರೆ. ಊಟ, ಕೆಲಸ ಹೇಗೋ ನಡೆದಿರುತ್ತವೆ. ಅದಕ್ಕೇ ಮನೆಯವರು ‘ಇವರ ಸ್ವಭಾವನ ಹಿಂಗ’ ಅಂತ ಬಿಟ್ಟುಬಿಡುತ್ತಾರೆ. ಥೈರಾಯ್ಡ್ ಮಂದವಾದರೂ, ರಕ್ತ ಅಥವಾ ಬಿ12 ಕಡಿಮೆಯಾದರೂ ಇದೇ ಸುಸ್ತು, ಇದೇ ಮಂಕು. ಆದ್ದರಿಂದ ಮೊದಲು ಈ ಮೂರೂ ಪರೀಕ್ಷೆ ಮಾಡಿಸಿಕೊಂಡೆ.

ಮನಸ್ಸು ಬಂದಾಗ ಮಾಡೋಣ ಅಂತ ಕೂತರೆ ಅದು ಬರುವುದೇ ಇಲ್ಲ. ಕೆಲಸಕ್ಕೆ ಕೈ ಹಚ್ಚಿದ ಮೇಲೆ ಚೂರು ಬರುತ್ತದೆ. ಹಾಗಾಗಿ ನಾನು ನಂಬುವುದು ಗಡಿಯಾರವನ್ನು. ರಾತ್ರಿ ನಿದ್ದೆ ಕೆಟ್ಟಿದ್ದರೂ ಮುಂಜಾನೆ ಆರಕ್ಕೆ ಏಳುತ್ತೇನೆ. ಉಣಕಲ್ ಕೆರೆ ದಂಡೆಯಲ್ಲಿ ಇಪ್ಪತ್ತು ನಿಮಿಷ ನಡಿಗೆ. ಆಗದಿದ್ದರೆ ಓಣಿ ತುದಿಯ ಅಂಗಡಿಯಿಂದ ಹಾಲು ತಂದರೂ ಸಾಕು. ಮೈಮೇಲೆ ಬೆಳಕು ಬೀಳಬೇಕು, ಅಷ್ಟೇ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಹಿಂದೆ ಮುಂದೆ ಮನಸ್ಸಿಗೆ ಹತ್ತರಲ್ಲಿ ಅಂಕ ಹಾಕುತ್ತೇನೆ. ‘ಪಾತ್ರೆ ತಿಕ್ಕಿದ್ದು: 2, 3. ತಂಗಿಗೆ ಫೋನು: 2, 4. ಮಧ್ಯಾಹ್ನ ಮಲಗಿದ್ದು: 3, 1.’ ಎರಡು ವಾರ ಬರೆದರೆ ಯಾವುದು ಎತ್ತುತ್ತದೆ, ಯಾವುದು ಕೆಡವುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಕೆಲಸವನ್ನು ತುಂಡು ಮಾಡಬೇಕು: ಇವತ್ತು ಅರಿವೆ ನೆನೆಹಾಕುವುದು, ಒಗೆಯುವುದು ನಾಳೆ. ಹೆಚ್ಚು ಕೆಡುವುದು ಒಳ್ಳೆಯ ದಿನದಲ್ಲೇ. ಹುರುಪು ಬಂತೆಂದು ವಾರದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡರೆ ಮರುದಿನ ಏಳಲಿಕ್ಕೇ ಆಗುವುದಿಲ್ಲ.

ಖಿನ್ನತೆಗೆ ವೈದ್ಯರು ಕೊಡುವ ಗುಳಿಗೆಯ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಶುರುವಾಗಬಹುದು. ಎಷ್ಟೋ ಜನ ಅಲ್ಲಿಗೇ ಬಿಡುತ್ತಾರೆ. ಆರಾಮಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರಬಹುದು. ಡೋಸು ಇಳಿಸುವುದು ವೈದ್ಯರ ಕೆಲಸ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವಾಗ ಹಳೆಯ ಚೀಟಿ, ಗುಳಿಗೆಯ ಪಟ್ಟಿ, ಆ ನೋಟ್‌ಬುಕ್ಕು ಮೂರೂ ಒಯ್ಯಿರಿ. ಗದಗ, ಹಾವೇರಿಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು.

ಮನೆಯವರಿಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿ. ‘ಅಕ್ಕಾ, ಬುದ್ಧಿ ಹೇಳಬ್ಯಾಡ, ಸುಮ್ಮನ ಬಾಜೂಕ ಕೂಡ್ರು’ ಅಂದರೆ ಅವರಿಗೂ ದಾರಿ ತಿಳಿಯುತ್ತದೆ.

ದಿನನಿತ್ಯದ ಬೇಸರ ಬೇರೆ, ಸಾಯುವ ವಿಚಾರ ಬರುವುದು ಬೇರೆ. ಅದು ಬಂದ ಕೂಡಲೇ ಮನೆಯಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಫೋನು ಹಚ್ಚಿ; ಟೆಲಿ ಮಾನಸ್ ಅನ್ನುವ ಈ ಸರಕಾರಿ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯಲ್ಲಿದ್ದರೆ ಅವತ್ತೇ ಬೇರೆಯವರ ಮನೆಗೆ ಸಾಗಿಸಲು ಹೇಳಿ. ಗುಳಿಗೆ ಡಬ್ಬಿ ಮನೆಯವರ ಕೈಯಲ್ಲಿರಲಿ, ದಿನದ್ದು ದಿನ ಕೊಡಲಿ.